ಸಭಾಶಿಸ್ತು: ಕ್ರೈಸ್ತ ಪರಂಪರೆಯಲ್ಲಿ ತಪ್ಪು, ಸತ್ಯ ಮತ್ತು ಕರುಣೆ

ತಪ್ಪು ಮಾಡಿದ ಸದಸ್ಯನಿಗೆ ಬುದ್ಧಿ ಹೇಳುವುದು, ಅಗತ್ಯ ಬಿದ್ದರೆ ಅವನನ್ನು ಕರ್ತನ ಭೋಜನದಿಂದ ದೂರವಿಡುವುದು, ಪಶ್ಚಾತ್ತಾಪಪಟ್ಟಾಗ ಮತ್ತೆ ಒಳಗೆ ಸೇರಿಸಿಕೊಳ್ಳುವುದು: ಕ್ರೈಸ್ತ ಸಭೆಯ ಈ ಕ್ರಮಗಳನ್ನೆಲ್ಲ ಒಟ್ಟಾಗಿ ಸಭಾಶಿಸ್ತು ಎನ್ನುತ್ತಾರೆ. ಕ್ಯಾಥೊಲಿಕ್ ಮತ್ತು ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಇದರ ಬಹುಪಾಲು ಪಾಪನಿವೇದನೆಯ ಸಂಸ್ಕಾರದೊಳಗೆ ನಡೆಯುತ್ತದೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇದು ಪಾದ್ರಿ ಮತ್ತು ಸಭಾಹಿರಿಯರ ಹೊಣೆಯಾಗಿದೆ. ತಪ್ಪನ್ನು ತಪ್ಪೆಂದೇ ಹೇಳಬೇಕು, ತಪ್ಪಿತಸ್ಥನನ್ನು ಕಳೆದುಕೊಳ್ಳಲೂಬಾರದು ಎಂಬ ಎರಡು ಬೇಡಿಕೆಗಳು ಎಲ್ಲ ಪಂಗಡಗಳಲ್ಲೂ ಇವೆ. ಇವುಗಳ ಸುತ್ತ ಎರಡು ಸಾವಿರ ವರ್ಷ ನಡೆದ ವಾದಗಳಲ್ಲಿ ಪಾಪ ಯಾವುದೆಂಬ ಪ್ರಶ್ನೆಗಿಂತ ಹೆಚ್ಚು ಕಾಡಿದ್ದು ಕ್ರಮದ ಪ್ರಶ್ನೆಗಳು. ತಪ್ಪನ್ನು ಯಾರು ಹೇಳಬೇಕು, ಎಷ್ಟು ಜನರ ಎದುರು ಹೇಳಬೇಕು, ಹೊರಗಿಟ್ಟವನಿಗೆ ಬಾಗಿಲು ಯಾವಾಗ ತೆರೆಯಬೇಕು ಎಂಬವು ಹಳೆಯವು. ತಪ್ಪಿನಿಂದ ನೊಂದವರ ಸ್ಥಾನವೇನು ಎಂಬ ಪ್ರಶ್ನೆಗೆ ತಕ್ಕ ತೂಕ ಬಂದದ್ದು ಈಚೆಗೆ.

ಬೈಬಲಿನ ನೆಲೆಗಳು

ಹಳೆಯ ಒಡಂಬಡಿಕೆಯಲ್ಲಿ ಯಾಜಕಕಾಂಡದ 19ನೆಯ ಅಧ್ಯಾಯವನ್ನು ಈ ವಿಷಯದ ಬೇರೆಂದು ಪರಿಗಣಿಸುತ್ತಾರೆ. ನೆರೆಯವನ ಮೇಲೆ ಒಳಗೊಳಗೇ ಹಗೆ ಸಾಧಿಸದೆ ಅವನ ತಪ್ಪನ್ನು ನೇರವಾಗಿ ತಿಳಿಸಬೇಕೆಂದು 17ನೆಯ ವಚನ ವಿಧಿಸುತ್ತದೆ. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಪ್ರಸಿದ್ಧ ಆಜ್ಞೆ ಅದರ ಬೆನ್ನಿಗೇ, 18ನೆಯ ವಚನದಲ್ಲಿ ಬರುತ್ತದೆ. ತಪ್ಪು ಹೇಳುವುದೂ ಪ್ರೀತಿಯದೇ ಒಂದು ಕೆಲಸ ಎಂಬ ಮುಂದಿನ ಕಾಲದ ವ್ಯಾಖ್ಯಾನಗಳಲ್ಲಿ ಹಲವು ಈ ಎರಡು ವಚನಗಳ ಸಾಮೀಪ್ಯವನ್ನು ಆಧರಿಸಿವೆ.

ಎರಡನೆಯ ಸಮುವೇಲ ಗ್ರಂಥದ 12ನೆಯ ಅಧ್ಯಾಯದಲ್ಲಿ ಪ್ರವಾದಿ ನಾತಾನ ದಾವೀದ ಅರಸನ ವ್ಯಭಿಚಾರ ಮತ್ತು ಕೊಲೆಯನ್ನು ಬಯಲಿಗೆಳೆಯುತ್ತಾನೆ. ನೇರ ಆರೋಪಕ್ಕೆ ಮೊದಲು ಬಡವನ ಒಂದೇ ಕುರಿಮರಿಯನ್ನು ಕಸಿದುಕೊಂಡ ಸಿರಿವಂತನ ಕಥೆ ಹೇಳಿ, ಅರಸನ ಬಾಯಿಂದಲೇ ತೀರ್ಪು ಬರುವಂತೆ ಮಾಡುತ್ತಾನೆ. ದಾವೀದ ಪಾಪವನ್ನು ಒಪ್ಪಿಕೊಂಡ ಕೂಡಲೇ ಕ್ಷಮೆ ಸಿಗುತ್ತದೆ. ಆದರೆ ತಪ್ಪಿನ ಪರಿಣಾಮಗಳು ಅವನ ಮನೆತನವನ್ನು ಬಿಡುವುದಿಲ್ಲ. ಕ್ಷಮೆ ಸಿಕ್ಕಿತೆಂದರೆ ಪರಿಣಾಮವೂ ಅಳಿಯಿತೆಂದಲ್ಲ ಎಂಬ ಮಾತಿಗೆ ಈ ಪ್ರಸಂಗವನ್ನು ಇಂದಿಗೂ ಮುಂದಿಡುತ್ತಾರೆ.

ಹೊಸ ಒಡಂಬಡಿಕೆಯಲ್ಲಿ ಸಭಾಶಿಸ್ತಿನ ಮೂಲಸೂತ್ರ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿದೆ. ತಪ್ಪು ಮಾಡಿದ ಸಹೋದರನೊಂದಿಗೆ ಮೊದಲು ಒಬ್ಬನೇ ಹೋಗಿ ಮಾತನಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಅದಕ್ಕೂ ಬಗ್ಗದಿದ್ದರೆ ಸಭೆಗೆ ತಿಳಿಸಬೇಕು. ಸಭೆಯ ಮಾತನ್ನೂ ಮೀರಿದರೆ ಅವನನ್ನು ಅನ್ಯಜನರಂತೆ, ಸುಂಕದವರಂತೆ ಎಣಿಸಬೇಕು. ಈ ಕಠಿಣ ಸೂತ್ರದ ಹಿಂದೆ ಕಳೆದುಹೋದ ಕುರಿಯ ಸಾಮ್ಯವಿದೆ. ಮುಂದೆ, ಎಷ್ಟು ಸಾರಿ ಕ್ಷಮಿಸಬೇಕೆಂಬ ಪೇತ್ರನ ಪ್ರಶ್ನೆಯೂ ಹತ್ತು ಸಾವಿರ ತಲಾಂತಿನ ಸಾಲ ಮನ್ನಾ ಆದ ಮೇಲೆ ನೂರು ದಿನಾರಿಗಾಗಿ ಜೊತೆಯಾಳಿನ ಕುತ್ತಿಗೆ ಹಿಡಿದ ಸೇವಕನ ಕಥೆಯೂ ಇವೆ. ಯೇಸು ಸುಂಕದವರೊಂದಿಗೆ ಊಟಕ್ಕೆ ಕುಳಿತವನಾದ್ದರಿಂದ ಕೊನೆಯ ಹಂತವನ್ನೂ ಬಹಿಷ್ಕಾರವೆಂದು ಓದಬೇಕೋ ಹೊಸದಾಗಿ ಸುವಾರ್ತೆ ಸಾರಬೇಕಾದವನೆಂದು ಓದಬೇಕೋ ಎಂಬ ಭಿನ್ನಮತ ವ್ಯಾಖ್ಯಾನಕಾರರಲ್ಲಿದೆ.

ಪೌಲನ ಪತ್ರಗಳಲ್ಲಿ ಎರಡೂ ಧ್ವನಿಗಳು ಕೇಳುತ್ತವೆ. ತಂದೆಯ ಹೆಂಡತಿಯೊಂದಿಗೆ ಬಾಳುತ್ತಿದ್ದವನನ್ನು ಹೊರಹಾಕಬೇಕೆಂದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 5ನೆಯ ಅಧ್ಯಾಯ ಆದೇಶಿಸುತ್ತದೆ. ಎರಡನೆಯ ಪತ್ರದ 2ನೆಯ ಅಧ್ಯಾಯ ಶಿಕ್ಷೆಗೊಳಗಾದ ಒಬ್ಬನನ್ನು, ಅವನು ದುಃಖದಲ್ಲಿ ಮುಳುಗಿಹೋಗದಂತೆ, ಕ್ಷಮಿಸಿ ಸಂತೈಸಲು ಹೇಳುತ್ತದೆ. ಇಬ್ಬರೂ ಒಬ್ಬನೇ ಎಂಬುದು ಹಳೆಯ ನಂಬಿಕೆ. ಆಧುನಿಕ ವಿದ್ವಾಂಸರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅಂತಿಯೋಕ್ಯದಲ್ಲಿ ಪೇತ್ರನನ್ನು ಎಲ್ಲರ ಎದುರೇ ಖಂಡಿಸಿದ್ದನ್ನು ಪೌಲ ಹೇಳಿಕೊಳ್ಳುತ್ತಾನೆ. ಅದೇ ಪತ್ರದ 6ನೆಯ ಅಧ್ಯಾಯದಲ್ಲಿ, ದೋಷದಲ್ಲಿ ಸಿಕ್ಕಿಬಿದ್ದವನನ್ನು ಶಾಂತಭಾವದಿಂದ ಸರಿದಾರಿಗೆ ತರಬೇಕು, ತಿದ್ದುವವನು ತನ್ನ ಬಗ್ಗೆಯೂ ಎಚ್ಚರವಾಗಿರಬೇಕು ಎನ್ನುತ್ತಾನೆ. ಪರರ ಕಣ್ಣಿನ ರವೆಯನ್ನು ತೆಗೆಯುವ ಮುನ್ನ ತನ್ನ ಕಣ್ಣಿನ ತೊಲೆಯನ್ನು ತೆಗೆಯಬೇಕೆಂಬ ಯೇಸುವಿನ ಬೋಧೆಯ ನೆರಳು ಇಲ್ಲಿದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದ 5ನೆಯ ಅಧ್ಯಾಯ ಸಭಾಹಿರಿಯರಿಗೆ ಬೇರೆಯೇ ನಿಯಮ ಹೇಳುತ್ತದೆ: ಅವರ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳು ಬೇಕು, ಪಾಪದಲ್ಲೇ ಮುಂದುವರಿಯುವವರನ್ನು ಎಲ್ಲರ ಮುಂದೆ ಗದರಿಸಬೇಕು.

ಒಮ್ಮೆ ಮಾತ್ರ ತೆರೆಯುವ ಬಾಗಿಲು

ದೀಕ್ಷಾಸ್ನಾನದ ನಂತರ ಮಾಡಿದ ಘೋರ ಪಾಪಕ್ಕೆ ಕ್ಷಮೆಯುಂಟೇ ಎಂಬುದು 2ನೆಯ ಶತಮಾನದ ದೊಡ್ಡ ಪ್ರಶ್ನೆ. ರೋಮ್‌ನಲ್ಲಿ ರಚನೆಯಾದ ‘ಹರ್ಮಸನ ಕುರುಬ’ ಎಂಬ ಕೃತಿ, ಒಮ್ಮೆ ಮಾತ್ರ ಪಶ್ಚಾತ್ತಾಪಕ್ಕೆ ಅವಕಾಶವಿದೆ ಎಂದಿತು. ಮೂರ್ತಿಪೂಜೆ, ಕೊಲೆ, ವ್ಯಭಿಚಾರದಂಥ ಪಾಪಗಳಿಗೆ ಬಹಿರಂಗ ಪ್ರಾಯಶ್ಚಿತ್ತ ರೂಢಿಗೆ ಬಂತು. ಪಾಪಿ ಗೋಣಿಯುಟ್ಟು, ಬೂದಿ ಹಚ್ಚಿಕೊಂಡು, ಉಪವಾಸವಿದ್ದು ಸಭೆಯವರ ಪ್ರಾರ್ಥನೆ ಬೇಡಬೇಕಿತ್ತು. ಉತ್ತರ ಆಫ್ರಿಕದ ಟರ್ಟುಲಿಯನ್ ಮೊದಲು ಈ ಎರಡನೆಯ ಅವಕಾಶವನ್ನು ಸಮರ್ಥಿಸಿ ಬರೆದ. ಕಟ್ಟುನಿಟ್ಟಿನ ಮಾಂಟನಿಸ್ಟ್ ಪಂಥದತ್ತ ವಾಲಿದ ಮೇಲೆ ವ್ಯಭಿಚಾರಿಗಳನ್ನು ಮರಳಿ ಸೇರಿಸಿಕೊಳ್ಳುವುದನ್ನು ಕಟುವಾಗಿ ವಿರೋಧಿಸಿದ.

ಈ ಚರ್ಚೆ ಪಂಡಿತರ ಅಂಗಳದಿಂದ ಊರೂರಿಗೆ ಹರಡಿದ್ದು ರೋಮನ್ ಚಕ್ರವರ್ತಿ ಡೀಸಿಯಸ್‌ನ ಕಾಲದಲ್ಲಿ. ಸಾಮ್ರಾಜ್ಯದ ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂಬ ಅವನ ಶಾಸನ 250ರಲ್ಲಿ ಎಲ್ಲೆಡೆ ಜಾರಿಯಾಯಿತು. ಕೆಲವರು ಸತ್ತರು, ಕೆಲವರು ಸೆರೆಮನೆ ಸೇರಿದರು. ಬಹಳಷ್ಟು ಜನ ಬಲಿ ಕೊಟ್ಟರು. ಇನ್ನು ಕೆಲವರು ಬಲಿ ಕೊಡದೆ ಲಂಚ ಕೊಟ್ಟು ಪತ್ರ ಪಡೆದರು. ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ಸಭೆಯ ಬಾಗಿಲಿಗೆ ಮರಳಿದರು. ಸೆರೆಯಲ್ಲಿ ನರಳಿದ್ದ ಭಕ್ತರು ತಮ್ಮ ಪುಣ್ಯದ ಬಲದಿಂದ ಇವರಿಗೆ ಶಿಫಾರಸು ಪತ್ರಗಳನ್ನು ಹಂಚತೊಡಗಿದ್ದರು. ರೋಮ್‌ನಲ್ಲಿ ನೊವೇಶಿಯನ್ ಎಂಬ ಪಾದ್ರಿ, ಇವರನ್ನು ಕ್ಷಮಿಸುವ ಅಧಿಕಾರ ದೇವರಿಗಲ್ಲದೆ ಸಭೆಗಿಲ್ಲವೆಂದು ಹಟ ಹಿಡಿದು 251ರಲ್ಲಿ ಪ್ರತ್ಯೇಕ ಪಂಗಡ ಕಟ್ಟಿದ.

ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಈ ಎರಡೂ ತುದಿಗಳನ್ನು ಒಪ್ಪಲಿಲ್ಲ. ಅವನ ಅಧ್ಯಕ್ಷತೆಯಲ್ಲಿ 251ರಲ್ಲಿ ಸೇರಿದ ಆಫ್ರಿಕದ ಬಿಷಪ್ಪರು ತಪ್ಪುಗಳನ್ನು ಬಿಡಿಬಿಡಿಯಾಗಿ ನೋಡಿದರು. ಪತ್ರ ಮಾತ್ರ ಪಡೆದವರನ್ನು ವಿಚಾರಿಸಿ ಬೇಗ ಸೇರಿಸಿಕೊಳ್ಳಬಹುದು; ಬಲಿ ಕೊಟ್ಟವರು ದೀರ್ಘ ಪ್ರಾಯಶ್ಚಿತ್ತದಲ್ಲಿರಬೇಕು, ಸಾವಿನ ಹಾಸಿಗೆಯಲ್ಲಿ ಅವರಿಗೆ ಸಂಧಾನ ಸಿಗಬೇಕು ಎಂದು ಗೊತ್ತುಮಾಡಿದರು. ಇನ್ನೊಂದು ಹಿಂಸೆಯ ಸೂಚನೆ ಕಂಡಾಗ ಪ್ರಾಯಶ್ಚಿತ್ತದಲ್ಲಿದ್ದವರನ್ನೆಲ್ಲ ಒಟ್ಟಿಗೇ ಒಳಗೆ ಕರೆದುಕೊಂಡರು. ಹೋರಾಟಕ್ಕೆ ಹೊರಟವರನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ಕಾರಣ. ಸಿಪ್ರಿಯನ್ ಸ್ವತಃ 258ರಲ್ಲಿ ಹುತಾತ್ಮನಾದ.

325ರ ನೈಸಿಯ ಮಹಾಸಭೆ ಇದೇ ದಾರಿಯನ್ನು ನಿಯಮವಾಗಿಸಿತು. ಒತ್ತಾಯವಿಲ್ಲದೆ ನಂಬಿಕೆ ತೊರೆದವರು ಮೂರು ವರ್ಷ ವಾಚನ ಕೇಳುವವರ ಸಾಲಿನಲ್ಲಿ, ಏಳು ವರ್ಷ ಸಾಷ್ಟಾಂಗ ಬೀಳುವವರ ಸಾಲಿನಲ್ಲಿ, ಎರಡು ವರ್ಷ ಕಾಣಿಕೆಯಿಲ್ಲದ ಪ್ರಾರ್ಥನೆಯಲ್ಲಿ ಇರಬೇಕೆಂದು 11ನೆಯ ವಿಧಿ ಹೇಳಿತು. ನಿಜವಾಗಿ ಪರಿತಪಿಸುವವರ ಅವಧಿಯನ್ನು ಹಗುರಗೊಳಿಸುವ ಅಧಿಕಾರವನ್ನು 12ನೆಯ ವಿಧಿ ಬಿಷಪ್ಪನಿಗೆ ಕೊಟ್ಟಿತು. ಸಾಯುತ್ತಿರುವವರಿಗೆ ಪ್ರಸಾದ ನಿರಾಕರಿಸಬಾರದೆಂದು 13ನೆಯ ವಿಧಿ ಸಾರಿತು. ಹೀಗೆ ನಿಯಮದ ಲೆಕ್ಕದೊಳಗೇ ವಿನಾಯಿತಿಗೂ ಜಾಗವಾಯಿತು.

ಬಲಾಢ್ಯರಿಗೆ ಸತ್ಯ ಹೇಳುವ ಮಾದರಿಯಾಗಿ ಮಿಲಾನಿನ ಬಿಷಪ್ ಆಂಬ್ರೋಸನನ್ನು ನೆನೆಯುತ್ತಾರೆ. 390ರಲ್ಲಿ ಥೆಸಲೊನೀಕದ ಜನರ ಮೇಲೆ ಚಕ್ರವರ್ತಿ ಥಿಯೊಡೋಸಿಯಸ್‌ನ ಸೈನಿಕರು ನಡೆಸಿದ ಹತ್ಯಾಕಾಂಡದ ಸುದ್ದಿ ಬಂದಾಗ, ಆಂಬ್ರೋಸ್ ಮೊದಲು ತನ್ನ ಕೈಯಾರೆ ಗುಟ್ಟಿನ ಪತ್ರವೊಂದನ್ನು ಬರೆದ. ಚಕ್ರವರ್ತಿ ಹಾಜರಿದ್ದರೆ ತಾನು ಆರಾಧನೆ ನಡೆಸಲಾರೆ ಎಂದು ಅದರಲ್ಲಿ ತಿಳಿಸಿ, ದಾವೀದನ ಉದಾಹರಣೆಯನ್ನು ಮುಂದಿಟ್ಟ. ಚಕ್ರವರ್ತಿ ಬಹಿರಂಗವಾಗಿ ಪ್ರಾಯಶ್ಚಿತ್ತ ಮಾಡಿಕೊಂಡು ಅದೇ ವರ್ಷದ ಕ್ರಿಸ್ಮಸ್ ಹೊತ್ತಿಗೆ ಮತ್ತೆ ಒಳಗೆ ಬಂದ. ಅದೇ ಕಾಲದ ಅಗಸ್ಟೀನ್, ಸಭೆ ಪರಿಶುದ್ಧರದ್ದಷ್ಟೇ ಆಗಿರಬೇಕೆಂದ ಡೊನಾಟಿಸ್ಟರೊಂದಿಗಿನ ವಿವಾದದಲ್ಲಿ, ಸಭೆಯಲ್ಲಿ ಗೋದಿಯೂ ಹಣಜಿಯೂ ಸುಗ್ಗಿಯವರೆಗೆ ಕೂಡಿಯೇ ಬೆಳೆಯುತ್ತವೆ ಎಂಬ ವಾದ ಕಟ್ಟಿದ. ಮೊದಲು ಮನವೊಲಿಕೆಯನ್ನು ನೆಚ್ಚಿದ್ದ ಅವನು ಕ್ರಮೇಣ ಭಿನ್ನಮತೀಯರ ಮೇಲೆ ಸರ್ಕಾರದ ಬಲಪ್ರಯೋಗವನ್ನೂ ಪ್ರೀತಿಯ ತಿದ್ದುಪಡಿಯೆಂದು ಸಮರ್ಥಿಸಿದ. ಈ ಸಮರ್ಥನೆ ಮುಂದಿನ ಶತಮಾನಗಳಲ್ಲಿ ದುರುಪಯೋಗವಾಯಿತೆಂಬ ಟೀಕೆ ಅವನನ್ನು ಬಿಟ್ಟಿಲ್ಲ.

ಮಠದ ನಿಯಮ ಮತ್ತು ಗುಟ್ಟಿನ ನಿವೇದನೆ

ಜೀವನದಲ್ಲಿ ಒಂದೇ ಸಾರಿ ಸಿಗುವ ಬಹಿರಂಗ ಪ್ರಾಯಶ್ಚಿತ್ತಕ್ಕೆ ಜನ ಅಂಜಿ ಅದನ್ನು ಮುಪ್ಪಿಗೆ ತಳ್ಳತೊಡಗಿದರು. ಪ್ರಾಯಶ್ಚಿತ್ತ ಬಯಸುವವರ ಪಾಪಗಳ ಪಟ್ಟಿಯನ್ನು ಸಭೆಯೆದುರು ಓದುವ ರೂಢಿಯನ್ನು ಪೋಪ್ ಒಂದನೆಯ ಲಿಯೋ 459ರಲ್ಲಿ ನಿಷೇಧಿಸಿದ. ಪಾದ್ರಿಗೆ ಗುಟ್ಟಾಗಿ ನಿವೇದಿಸಿದರೆ ಸಾಕೆಂದ. ಐರ್ಲೆಂಡಿನ ಮಠಗಳಲ್ಲಿ ಎಷ್ಟು ಸಾರಿಯಾದರೂ ಏಕಾಂತದಲ್ಲಿ ಪಾಪ ಹೇಳಿಕೊಳ್ಳುವ, ಪ್ರತಿ ಪಾಪಕ್ಕೂ ಇಂತಿಷ್ಟು ದಿನ ಉಪವಾಸವೆಂದು ವಿಧಿಸುವ ಕೈಪಿಡಿಗಳು ಹುಟ್ಟಿದವು. 615ರಲ್ಲಿ ತೀರಿಕೊಂಡ ಕೊಲಂಬಾನಸ್ ಮತ್ತು ಅವನ ಶಿಷ್ಯರು ಈ ಪದ್ಧತಿಯನ್ನು ಯೂರೋಪಿನ ಮುಖ್ಯಭೂಮಿಗೆ ಒಯ್ದರು. ಪದೇಪದೇ ಪಾಪಮೋಚನೆ ಕೇಳುವುದನ್ನು 589ರ ಟೊಲೆಡೊ ಸಭೆ ಖಂಡಿಸಿತ್ತು. ಆದರೆ ಜನರು ಆಯ್ದುಕೊಂಡದ್ದು ಈ ಹೊಸ ದಾರಿಯನ್ನೇ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಕಡ್ಡಾಯಗೊಳಿಸಿತು. ಪಾದ್ರಿ ಗಾಯಕ್ಕೆ ಮದ್ದು ಹಚ್ಚುವ ಜಾಣ ವೈದ್ಯನಂತಿರಬೇಕು, ಗುಟ್ಟು ಹೊರಹಾಕಿದರೆ ಪದವಿ ಕಳೆದುಕೊಂಡು ಜೀವಮಾನವಿಡೀ ಮಠದಲ್ಲಿ ಪ್ರಾಯಶ್ಚಿತ್ತ ಮಾಡಬೇಕು ಎಂದೂ ವಿಧಿಸಿತು.

6ನೆಯ ಶತಮಾನದ ಬೆನೆಡಿಕ್ಟನ ಮಠನಿಯಮ ಕಾಠಿಣ್ಯ ಮತ್ತು ಕನಿಕರಗಳನ್ನು ಬೇರೆಬೇರೆ ಜನರ ಕೈಗೆ ಹಂಚಿದ್ದಕ್ಕಾಗಿ ಗಮನಾರ್ಹ. ತಪ್ಪಿದ ಸನ್ಯಾಸಿಗೆ ಎರಡು ಸಾರಿ ಗುಟ್ಟಾಗಿ, ಆಮೇಲೆ ಎಲ್ಲರೆದುರು ಬುದ್ಧಿ ಹೇಳಿ, ಕೊನೆಗೆ ಪಂಕ್ತಿಯಿಂದ ಹೊರಗಿಡಬೇಕು. ಹೊರಗಿಟ್ಟ ಮೇಲೆ ಮಠಾಧಿಪತಿ ಅನುಭವಸ್ಥ ಹಿರಿಯರನ್ನು ಸದ್ದಿಲ್ಲದೆ ಅವನ ಬಳಿಗೆ ಕಳಿಸಿ ಸಂತೈಸಬೇಕು. ಮಠ ಬಿಟ್ಟು ಹೋದವನನ್ನು ಮೂರು ಸಾರಿಯವರೆಗೆ ಮರಳಿ ಸೇರಿಸಿಕೊಳ್ಳಬಹುದು.

13ನೆಯ ಶತಮಾನದ ಥಾಮಸ್ ಅಕ್ವೈನಾಸ್ ಸೋದರಭಾವದ ತಿದ್ದುಪಡಿಯನ್ನು ಪ್ರೀತಿಯ ಕರ್ತವ್ಯವೆಂದು ಎಣಿಸಿ ಅದರ ಮಿತಿಗಳನ್ನೂ ವಿವರಿಸಿದ. ಮಾತು ಹೇಳುವುದರಿಂದ ಪಾಪಿ ಇನ್ನಷ್ಟು ಕೆಡುವಂತಿದ್ದರೆ ಸುಮ್ಮನಿರಬಹುದು; ಅಧೀನನೂ ತನ್ನ ಮೇಲಧಿಕಾರಿಯನ್ನು ತಿದ್ದಬಹುದು, ಆದರೆ ವಿನಯದಿಂದ. ಗುಟ್ಟಿನ ಪಾಪವನ್ನು ಗುಟ್ಟಾಗಿಯೇ ತಿದ್ದಬೇಕೆಂಬ ನಿಯಮಕ್ಕೆ ಅವನು ಒಂದು ಅಪವಾದ ಹೇಳಿದ. ಪಟ್ಟಣವನ್ನು ಶತ್ರುಗಳಿಗೆ ಒಪ್ಪಿಸಲು ಒಳಸಂಚು ನಡೆಸುವವನಂತೆ ಪಾಪಿಯಿಂದ ಬೇರೆಯವರಿಗೆ ಕೇಡಾಗುವಂತಿದ್ದರೆ, ಖಾಸಗಿ ಮಾತಿನಿಂದಲೇ ಅದು ನಿಲ್ಲುತ್ತದೆಂಬ ಭರವಸೆಯಿಲ್ಲದ ಪಕ್ಷದಲ್ಲಿ ಕೂಡಲೇ ಬಹಿರಂಗಪಡಿಸಬೇಕು. 21ನೆಯ ಶತಮಾನದ ಹಗರಣಗಳ ಹಿನ್ನೆಲೆಯಲ್ಲಿ ಈ ಅಪವಾದಕ್ಕೆ ಮತ್ತೆ ಮಹತ್ವ ಬಂದಿದೆ.

ಪೂರ್ವದ ಆರ್ಥೊಡಾಕ್ಸ್ ಸಭೆಗಳು ನಿಯಮವನ್ನು ಅಕ್ಷರಶಃ ಪಾಲಿಸುವುದನ್ನು ‘ಅಕ್ರಿಬಿಯ’ ಎಂದೂ ವ್ಯಕ್ತಿಯ ಉದ್ಧಾರಕ್ಕಾಗಿ ಅದನ್ನು ಸಡಿಲಿಸುವುದನ್ನು ‘ಇಕೊನೊಮಿಯ’ ಎಂದೂ ಕರೆದು ಎರಡಕ್ಕೂ ಮಾನ್ಯತೆ ಕೊಟ್ಟಿವೆ. ಪಾಪದ ಗುಣವನ್ನೂ ಪಾಪಿಯ ಮನಸ್ಥಿತಿಯನ್ನೂ ನೋಡಿಯೇ ಮದ್ದು ಕೊಡಬೇಕೆಂದು 692ರ ಟ್ರುಲೊ ಸಭೆಯ 102ನೆಯ ವಿಧಿ ಹೇಳುತ್ತದೆ.

ಸುಧಾರಣೆಯ ಯುಗ

ಪಾಪದ ಶಿಕ್ಷೆಯನ್ನು ಹಣ ಕೊಟ್ಟು ಕಡಿಮೆ ಮಾಡಿಸಿಕೊಳ್ಳಬಹುದೆಂಬ ಭಾವನೆ ಬೆಳೆಸಿದ ಕ್ಷಮಾಪತ್ರಗಳ ಮಾರಾಟದ ವಿರುದ್ಧ ಮಾರ್ಟಿನ್ ಲೂಥರ್ 1517ರಲ್ಲಿ 95 ಪ್ರಮೇಯಗಳನ್ನು ಮುಂದಿಟ್ಟ. ವಿಶ್ವಾಸಿಯ ಇಡೀ ಬಾಳೇ ಪಶ್ಚಾತ್ತಾಪವಾಗಿರಬೇಕೆಂಬುದು ಅವುಗಳಲ್ಲಿ ಮೊದಲನೆಯದರ ಸಾರ. ಅವನು ಖಾಸಗಿ ಪಾಪನಿವೇದನೆಯನ್ನು ಉಳಿಸಿಕೊಂಡ, ಕಡ್ಡಾಯವನ್ನು ತೆಗೆದುಹಾಕಿದ.

ಜಿನೀವಾದಲ್ಲಿ ಜಾನ್ ಕ್ಯಾಲ್ವಿನ್ 1541ರ ಸಭಾವಿಧಿಗಳ ಮೂಲಕ ಪಾದ್ರಿಗಳೂ ಹನ್ನೆರಡು ಸಭಾಹಿರಿಯರೂ ಇರುವ ‘ಕನ್ಸಿಸ್ಟರಿ’ಯನ್ನು ಸ್ಥಾಪಿಸಿದ. ಅದು ವಾರಕ್ಕೊಮ್ಮೆ ಗುರುವಾರ ಸೇರುತ್ತಿತ್ತು. ದಂಡ, ಸೆರೆಗಳ ಅಧಿಕಾರ ನಗರಾಡಳಿತದ್ದು. ಕನ್ಸಿಸ್ಟರಿ ಬುದ್ಧಿ ಹೇಳಬಹುದಿತ್ತು, ಭೋಜನದಿಂದ ದೂರವಿಡಬಹುದಿತ್ತು. ದೂರವಿಡುವ ಅಧಿಕಾರವೂ ನಗರಾಡಳಿತದೊಂದಿಗೆ ದೀರ್ಘ ಜಗಳವಾಗಿ 1555ರಲ್ಲಷ್ಟೇ ಗಟ್ಟಿಯಾಯಿತು. ಅದರ ಕಡತಗಳಲ್ಲಿ ಜೂಜು, ಕುಣಿತ, ಹಳೆಯ ಕ್ಯಾಥೊಲಿಕ್ ಪ್ರಾರ್ಥನೆಗಳ ಮೇಲಿನ ವಿಚಾರಣೆಗಳಿವೆ. ಅವುಗಳ ಜೊತೆಗೆ ಗಂಡಹೆಂಡಿರ, ಅಣ್ಣತಮ್ಮಂದಿರ, ನೆರೆಹೊರೆಯವರ ಜಗಳ ಬಿಡಿಸಿ ಕೈಕುಲುಕಿಸಿದ ದಾಖಲೆಗಳೂ ಹೇರಳವಾಗಿವೆ. ಹೆಂಡತಿಯನ್ನು ಹೊಡೆಯುವ ಗಂಡಸರನ್ನು ಅದು ಕರೆಸಿ ಗದರಿಸುತ್ತಿತ್ತು. ಅಂಥ ಎಷ್ಟೋ ಹೆಂಗಸರನ್ನು ಅದೇ ಮನೆಗೆ ಮರಳಿಸುತ್ತಲೂ ಇತ್ತು.

ಸುಧಾರಣೆಯ ಕಾಲದ ಇನ್ನೊಂದು ಪಂಗಡವಾದ ಅನಾಬ್ಯಾಪ್ಟಿಸ್ಟರು 1527ರ ಶ್ಲೈಟ್‌ಹೈಮ್ ಒಡಂಬಡಿಕೆಯಲ್ಲಿ ಮತ್ತಾಯನ ಸೂತ್ರವನ್ನೇ ಹಿಡಿದರು: ಎರಡು ಸಾರಿ ಗುಟ್ಟಾಗಿ, ಮೂರನೆಯ ಸಾರಿ ಬಹಿರಂಗವಾಗಿ. ಕತ್ತಿ ಹಿಡಿಯದ ಇವರಿಗೆ ಬಹಿಷ್ಕಾರವೇ ಕಟ್ಟಕಡೆಯ ಕ್ರಮ. ಬಹಿಷ್ಕೃತರೊಂದಿಗೆ ಊಟ, ವ್ಯವಹಾರಗಳನ್ನೂ ಬಿಡಬೇಕೇ ಎಂಬ ಪ್ರಶ್ನೆ ಅವರನ್ನು ಒಡೆಯಿತು. 1693ರಲ್ಲಿ ಯಾಕೋಬ್ ಅಮ್ಮನ್‌ನ ಅನುಯಾಯಿಗಳು ಬೇರೆಯಾಗಿ ಅಮಿಶ್ ಎನಿಸಿಕೊಂಡದ್ದಕ್ಕೆ ಇದೇ ಮುಖ್ಯ ಕಾರಣ. ಇಂಗ್ಲೆಂಡಿನ ಜಾನ್ ವೆಸ್ಲಿ 1742ರಿಂದ ಮೆಥಡಿಸ್ಟರನ್ನು ಹನ್ನೆರಡರಷ್ಟು ಜನರ ಚಿಕ್ಕ ವರ್ಗಗಳಾಗಿ ವಿಂಗಡಿಸಿದ. ವಾರಕ್ಕೊಮ್ಮೆ ತಮ್ಮ ನಡತೆಯ ಬಗ್ಗೆ ಮಾತನಾಡಿಕೊಳ್ಳುವುದು ಅವರ ರೂಢಿಯಾಯಿತು. ತಪ್ಪು ಬೆಳೆದು ದೊಡ್ಡದಾದ ಮೇಲೆ ವಿಚಾರಿಸುವ ಬದಲು ಮೊಳಕೆಯಲ್ಲೇ ಮಾತಿಗೆ ತರುವ ಏರ್ಪಾಡಿದು.

ದಕ್ಷಿಣ ಭಾರತ

ದಕ್ಷಿಣ ಭಾರತದಲ್ಲಿ ಸಭಾಶಿಸ್ತನ್ನು ಅತಿ ಹೆಚ್ಚು ಪರೀಕ್ಷಿಸಿದ ವಿಷಯ ಜಾತಿ. ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್, ಸಭೆಯೊಳಗಿನ ಜಾತಿಭೇದವನ್ನು ಕೂಡಲೇ ಬಿಡಬೇಕೆಂದು 1833ರಲ್ಲಿ ಸುತ್ತೋಲೆ ಹೊರಡಿಸಿದ. ತಂಜಾವೂರು ಸೀಮೆಯ ಅನೇಕ ಮೇಲ್ಜಾತಿ ಕ್ರೈಸ್ತರು ಇದನ್ನು ಪ್ರತಿಭಟಿಸಿ ದೂರ ಸರಿದರು. 1850ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನ ಜಾತಿ ಬಿಡದವರಿಗೆ ಸಭೆಯ ಸದಸ್ಯತ್ವ ಕೊಡಬಾರದೆಂದು ತೀರ್ಮಾನಿಸಿದರೆ, ಲೈಪ್ಸಿಗ್ ಲೂಥರನ್ ಮಿಷನ್ ನಿಧಾನವಾಗಿ ಮನಸ್ಸು ತಿದ್ದುವ ದಾರಿಯೇ ಸರಿಯೆಂದಿತು. ಕನಿಕರದ ಹೆಸರಿನ ಈ ನಿಧಾನದ ಬೆಲೆಯನ್ನು ತೆತ್ತವರು ಬೇರೆ ಸಾಲಿನಲ್ಲಿ ಕೂರಬೇಕಾದ ದಲಿತ ವಿಶ್ವಾಸಿಗಳು.

1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ ಜಾತಿಯ ವಿಷಯದಲ್ಲಿ ಕಟ್ಟುನಿಟ್ಟಾಗಿತ್ತು. ಮತಾಂತರದಿಂದ ಮನೆ, ಜಮೀನು, ಕಸುಬು ಕಳೆದುಕೊಂಡವರಿಗಾಗಿ ಅದು ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ತೆರೆಯಿತು. ಇದರಿಂದ ಆತ್ಮದ ಹೊಣೆ ಹೊತ್ತವರೂ ಕೂಲಿ ಕೊಡುವ ಧಣಿಗಳೂ ಒಂದೇ ಸಂಸ್ಥೆಯವರಾದರು. ಇಂಥ ಏರ್ಪಾಟಿನಲ್ಲಿ ಸಭೆಯ ಎಚ್ಚರಿಕೆಗೆ ಅನ್ನದ ಭಯವೂ ಅಂಟಿಕೊಳ್ಳುತ್ತದೆ. ಶಿಸ್ತಿನ ಹಿಂದೆ ಅಧಿಕಾರ ಎಷ್ಟಿದೆ ಎಂಬುದನ್ನು ನೋಡದೆ ಅದರ ಕಾಠಿಣ್ಯವನ್ನು ಅಳೆಯಲಾಗದು.

20ನೆಯ ಶತಮಾನ: ಅಗ್ಗದ ಕೃಪೆಯ ಟೀಕೆ

ಜರ್ಮನಿಯ ಡೀಟ್ರಿಕ್ ಬಾನ್‌ಹಾಫರ್ 1937ರಲ್ಲಿ ಪ್ರಕಟಿಸಿದ ಶಿಷ್ಯತ್ವದ ಕುರಿತ ಪುಸ್ತಕದಲ್ಲಿ, ಪಶ್ಚಾತ್ತಾಪವಿಲ್ಲದೆ ಹಂಚುವ ಕ್ಷಮೆಯನ್ನು ಅಗ್ಗದ ಕೃಪೆಯೆಂದು ಕರೆದ. ಒಬ್ಬ ಸಹೋದರನ ಎದುರು ಪಾಪ ಹೇಳಿಕೊಳ್ಳುವುದರ ಮಹತ್ವವನ್ನು 1939ರ ಇನ್ನೊಂದು ಕೃತಿಯಲ್ಲಿ ವಿವರಿಸಿದ. ನಾಜಿ ಆಡಳಿತ ಅವನನ್ನು 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಿತು.

ದಕ್ಷಿಣ ಆಫ್ರಿಕದ ದೇವಶಾಸ್ತ್ರಜ್ಞರು 1985ರ ‘ಕೈರೋಸ್’ ದಸ್ತಾವೇಜಿನಲ್ಲಿ, ನ್ಯಾಯವಿಲ್ಲದೆ ಸಂಧಾನದ ಮಾತಾಡುವ ಸಭೆಗಳನ್ನು ಖಂಡಿಸಿದರು. ವರ್ಣಭೇದ ನೀತಿ ಕೊನೆಗೊಂಡ ಮೇಲೆ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಂಧಾನ ಆಯೋಗ, ರಾಜಕೀಯ ಅಪರಾಧಗಳನ್ನು ಪೂರ್ತಿಯಾಗಿ ಹೇಳಿಕೊಂಡವರಿಗೆ ಮಾತ್ರ ಕ್ಷಮಾದಾನವೆಂಬ ಷರತ್ತಿನ ಮೇಲೆ ಕೆಲಸ ಮಾಡಿತು. ಏಳು ಸಾವಿರಕ್ಕೂ ಹೆಚ್ಚು ಅರ್ಜಿಗಳಲ್ಲಿ ಕ್ಷಮೆ ಸಿಕ್ಕಿದ್ದು 849ಕ್ಕೆ. ನೊಂದವರಿಗೆ ಸಾರ್ವಜನಿಕವಾಗಿ ಮಾತನಾಡುವ ವೇದಿಕೆ ಒದಗಿದ್ದು ಇದರ ಹೊಸತನ. ಹಂತಕರು ನ್ಯಾಯಾಲಯದಿಂದ ಪಾರಾಗುತ್ತಾರೆಂದು ಹೋರಾಟಗಾರ ಸ್ಟೀವ್ ಬಿಕೊ ಅವರ ಕುಟುಂಬವೂ ಸೇರಿದಂತೆ ಹಲವರು ಇದನ್ನು ವಿರೋಧಿಸಿದರು.

ಲೈಂಗಿಕ ದೌರ್ಜನ್ಯದ ಪ್ರಕರಣಗಳು ಮತ್ತು ಇಂದಿನ ಚರ್ಚೆ

2002ರ ಜನವರಿಯಲ್ಲಿ ‘ಬಾಸ್ಟನ್ ಗ್ಲೋಬ್’ ಪತ್ರಿಕೆ ಪ್ರಕಟಿಸಿದ ತನಿಖೆ, ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಪಾದ್ರಿಗಳನ್ನು ಊರಿಂದೂರಿಗೆ ವರ್ಗಾಯಿಸಿ ಮುಚ್ಚಿಟ್ಟದ್ದನ್ನು ಬಯಲು ಮಾಡಿತು. ಐರ್ಲೆಂಡಿನಲ್ಲಿ 2009ರ ರಯಾನ್ ಮತ್ತು ಮರ್ಫಿ ವರದಿಗಳು, ಅಮೆರಿಕದ ಪೆನ್ಸಿಲ್ವೇನಿಯದಲ್ಲಿ 2018ರ ಗ್ರ್ಯಾಂಡ್ ಜ್ಯೂರಿ ವರದಿ ಇಂಥದೇ ಚಿತ್ರ ಕೊಟ್ಟವು. 2022ರ ತನಿಖಾ ವರದಿಯೊಂದು, ಪ್ರಾಟೆಸ್ಟೆಂಟರಾದ ಸದರ್ನ್ ಬ್ಯಾಪ್ಟಿಸ್ಟರ ನಾಯಕರೂ ದೂರುದಾರರನ್ನು ವರ್ಷಗಟ್ಟಲೆ ಕಡೆಗಣಿಸಿದ್ದನ್ನು ತೋರಿಸಿತು. ಖಾಸಗಿಯಾಗಿ ಬುದ್ಧಿ ಹೇಳುವುದು, ಪಶ್ಚಾತ್ತಾಪದ ಮಾತನ್ನು ನಂಬುವುದು, ಸಭೆಯ ಮಾನ ಕಾಪಾಡುವುದು ಮುಂತಾದ ಹಳೆಯ ಸದ್ಗುಣಗಳೇ ಇಲ್ಲಿ ಅಪರಾಧಕ್ಕೆ ಹೊದಿಕೆಯಾಗಿದ್ದವು. ಮತ್ತಾಯನ ಸೂತ್ರವನ್ನು ತೋರಿಸಿ, ಮೊದಲು ನೀವೊಬ್ಬರೇ ಅವರೊಂದಿಗೆ ಮಾತನಾಡಿ ಎಂದು ನೊಂದವರಿಗೆ ಹೇಳಿದ್ದೂ ಉಂಟು. ಆ ಸೂತ್ರ ಸಮಾನರ ನಡುವಿನ ಮನಸ್ತಾಪಕ್ಕೆ ಹೊಂದುತ್ತದೆಯೇ ಹೊರತು ಬಲಶಾಲಿಯೊಬ್ಬ ದುರ್ಬಲರ ಮೇಲೆ ಎಸಗಿದ ಅಪರಾಧಕ್ಕಲ್ಲ ಎಂಬುದು ಈಗ ಅನೇಕ ದೇವಶಾಸ್ತ್ರಜ್ಞರ ನಿಲುವು.

ಪೋಪ್ ಫ್ರಾನ್ಸಿಸ್ 2019ರ ಮೇ ತಿಂಗಳಲ್ಲಿ, ಪಾದ್ರಿಗಳೂ ಸನ್ಯಾಸಿನಿಯರೂ ಇಂಥ ದೂರುಗಳನ್ನು ಸಭೆಯ ಅಧಿಕಾರಿಗಳಿಗೆ ತಿಳಿಸಲೇಬೇಕೆಂಬ ನಿಯಮ ತಂದರು. ಅದೇ ಡಿಸೆಂಬರಿನಲ್ಲಿ ಈ ಪ್ರಕರಣಗಳ ಮೇಲಿದ್ದ ಪೋಪರ ರಹಸ್ಯದ ಮುದ್ರೆಯನ್ನು ತೆಗೆದರು. 2021ರಲ್ಲಿ ಕ್ಯಾಥೊಲಿಕ್ ಸಭಾಕಾನೂನಿನ ದಂಡವಿಧಿಯ ಭಾಗವನ್ನು ಪರಿಷ್ಕರಿಸಿದಾಗ, ಶಿಕ್ಷೆಯನ್ನು ಕರುಣೆಗೆ ವಿರೋಧವೆಂದು ಭಾವಿಸಿದ್ದರಿಂದ ಹಾನಿಯಾಗಿದೆಯೆಂದು ಒಪ್ಪಿಕೊಂಡರು. ಭಾರತದಲ್ಲಿ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮು ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕೆನ್ನುತ್ತದೆ. ಸಭೆಯೊಳಗಿನ ಕ್ಷಮಾಪಣೆ ಈ ಹೊಣೆಯನ್ನು ಇಲ್ಲವಾಗಿಸುವುದಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನೂ ತಿಳಿಸಬೇಕೇ ಎಂಬುದು ಆಸ್ಟ್ರೇಲಿಯ ಸೇರಿದಂತೆ ಹಲವು ದೇಶಗಳಲ್ಲಿ ಸರ್ಕಾರ ಮತ್ತು ಸಭೆಗಳ ನಡುವಿನ ವಿವಾದವಾಗಿದೆ.

ಈ ಚರ್ಚೆಗಳಿಂದ ಹಳೆಯ ಪದ್ಧತಿಗಳು ಬೆರೆಸಿಟ್ಟಿದ್ದ ಮೂರು ಸಂಗತಿಗಳು ಬೇರೆಬೇರೆಯಾಗಿ ಕಾಣತೊಡಗಿವೆ. ಮೊದಲನೆಯದು ಕ್ಷಮೆ, ಅದು ನೊಂದವರು ಮತ್ತು ದೇವರು ಕೊಡುವಂಥದು, ಬಲವಂತವಾಗಿ ಕೇಳಿ ಪಡೆಯುವಂಥದಲ್ಲ. ಎರಡನೆಯದು ಸಂಧಾನ, ಅದಕ್ಕೆ ತಪ್ಪೊಪ್ಪಿಗೆಯೂ ಸಾಧ್ಯವಾದಷ್ಟು ನಷ್ಟಭರ್ತಿಯೂ ಬೇಕು. ಮೂರನೆಯದು ಹಿಂದಿನ ಸ್ಥಾನಕ್ಕೆ ಮರಳುವುದು. ಮೊದಲೆರಡು ಪೂರ್ತಿಯಾದರೂ ಇದು ತಾನಾಗಿ ಸಿಗುವುದಿಲ್ಲ. ಪಶ್ಚಾತ್ತಾಪಪಟ್ಟ ಪಾದ್ರಿಗೆ ಕರ್ತನ ಭೋಜನದಲ್ಲಿ ಜಾಗವಿರಬಹುದು, ಆದರೆ ಮಕ್ಕಳ ಹೊಣೆಯಿರುವ ಹುದ್ದೆಯಲ್ಲಿ ಇರಲಾರದು ಎಂಬಲ್ಲಿ ಇಂದು ಬಹುಪಾಲು ಸಭೆಗಳು ಒಮ್ಮತಕ್ಕೆ ಬರುತ್ತಿವೆ. ದೂರುಗಳ ವಿಚಾರಣೆಯನ್ನು ಬಿಷಪ್ಪರು ಮತ್ತು ಸಭಾಹಿರಿಯರಿಗೇ ಬಿಡಬೇಕೇ, ಸ್ವತಂತ್ರ ಮಂಡಳಿಗಳಿಗೆ ಒಪ್ಪಿಸಬೇಕೇ ಎಂಬುದು ಇನ್ನೂ ಇತ್ಯರ್ಥವಾಗದ ಪ್ರಶ್ನೆ.